ಬೆಕ್ಕು ಬರುವವರೆಗೆ ನೋಡು

ಜೂನ್ 3, ಮಂಗಳವಾರ

ಬೆಳಗ್ಗೆಯಿಂದ ಅಂಗಡಿಯಲ್ಲಿ ಮೇಷ್ಟ್ರ ಮಗಳ ಮದುವೆ — ಡಿಸ್ಕಿಗೆ ಇಳಿಸಲು ಕೊಟ್ಟ ಕ್ಯಾಸೆಟ್ಟಿನಲ್ಲಿ. ಗಣಿತದ ಮೇಷ್ಟ್ರು. ರಿಟೈರ್ ಆಗಿದ್ದಾರೆ, ಪ್ರಶ್ನೆ ಕೇಳುವ ಚಟ ಮಾತ್ರ ಹೋಗಿಲ್ಲ. ಕೌಂಟರಿಗೆ ಮೊಣಕೈ ಊರಿ ನಿಂತರೆಂದರೆ ಕ್ರೇನ್ ತಂದು ಎತ್ತಬೇಕು. ಅಳಿಯ ಪರದೇಶದಲ್ಲಿದ್ದಾನೆ, ಅವನ ಆಫೀಸಿನವರಿಗೆ ಮದುವೆ ತೋರಿಸಬೇಕಂತೆ.

"ಡಿಸ್ಕು ಅಂದ್ರೆ ಡಿಸ್ಕೇ ಅಲ್ವೇನಮ್ಮ? ಇಲ್ಲಿ ಓಡಿದ್ದು ಅಲ್ಲಿ ಯಾಕೆ ಓಡಲ್ಲ?"

"ಇಲ್ಲಿ ಟೀವಿ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ತೋರಿಸುತ್ತೆ ಸಾರ್. ಅಲ್ಲೀದು ಮೂವತ್ತು. ಇಲ್ಲೀ ಲೆಕ್ಕದ ಹೆಸರು ಪಾಲ್, ಅಲ್ಲೀದು ಎನ್‌ಟಿಎಸ್‌ಸಿ. ಮಾರ್ಪಾಡು ಮಾಡದೆ ಕಳಿಸಿದ್ರೆ ಬಣ್ಣ ಹೋಗಿ ಚಿತ್ರ ಉರುಳುತ್ತೆ."

"ಅಂದ್ರೆ ನನ್ನ ಮಗಳು ಉರುಳ್ತಾಳೆ."

"ಅಳಿಯಂದಿರೂ ಉರುಳ್ತಾರೆ ಸಾರ್, ಜೊತೆಗೇ."

ನಕ್ಕರು. ಹೋಗಲಿಲ್ಲ. ಹೊಸ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ, ಹಳೆಯದಕ್ಕಿಂತ ಬೇಗ ಮುಗಿಸುತ್ತದೆ. ಕೇಳುವ ಪ್ರಶ್ನೆಗಳು ಮಾತ್ರ ಜಾಸ್ತಿ. ಅದೂ ಒಬ್ಬ ಮೇಷ್ಟ್ರೇ.

ಅಂಗಡಿಗೂ ಮನೆಗೂ ನಡುವೆ ಇಳಿಬಿಟ್ಟ ಪರದೆಯ ಆಚೆ ಅಮ್ಮ ಮಂಚದ ಕಾಲನ್ನು ಚಮಚದಿಂದ ತಟ್ಟಿದಳು. ಅವಳಿಗೆ ಆ ಸದ್ದು ಕೇಳುವುದಿಲ್ಲ, ನನಗೆ ಕೇಳುತ್ತದೆ ಅನ್ನುವುದು ಗೊತ್ತು. ಹೋದೆ. ಕಣ್ಣಿನ ಬಿಳಿ ಇನ್ನೂ ಹಳದಿ. ಗಲ್ಲ ಮುಟ್ಟಿ ಹುಬ್ಬು ಎತ್ತಿದಳು.

ಗಲ್ಲ ಮುಟ್ಟಿದರೆ ಅಕ್ಕ, ಮೇಷ್ಟ್ರ ಅಳಿಯನ ಹಾಗೆ ಪರದೇಶ ಸೇರಿದವಳು. ಅವಳ ಗಲ್ಲದ ಮೇಲೆ ಮಚ್ಚೆ ಇದೆ. ನನ್ನ ಹೆಸರು ಕಿವಿ. ಈ ಮನೆಯಲ್ಲಿ ಕೆಲಸ ಮಾಡುವ ಕಿವಿ ಇದ್ದದ್ದು ನನಗೊಬ್ಬಳಿಗೇ. ಅಮ್ಮನಿಗೂ ಇಲ್ಲ, ಅಕ್ಕನಿಗೂ ಇಲ್ಲ.

"ಬರೀತಾಳೆ" ಅಂದೆ ಕೈಯಲ್ಲಿ. ಸುಳ್ಳು.

ಜೂನ್ 4, ಬುಧವಾರ

ಡಾಕ್ಟರು ರಿಪೋರ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಕಾಗದ ಅದು, ಎಕ್ಸ್‌ರೇ ಅಲ್ಲ. ನನ್ನ ಮುಖ ನೋಡುವುದು ಬೇಡ ಅಂತ ಹಾಗೆ ಮಾಡಿದರು.

"ಲಿವರ್ ಪೂರ್ತಿ ಕೈಬಿಟ್ಟಿದೆ. ದೂರ ಇರೋರು ಯಾರಾದ್ರೂ ಇದ್ರೆ... ಕರೆಸಿಬಿಡಿ."

"ಎಷ್ಟು ದಿನ ಸಾರ್?"

"ತಡ ಮಾಡಬೇಡಿ."

ಅಮ್ಮ ನನ್ನ ತೋಳು ಎಳೆದಳು — ಏನಂತೆ? "ಉಪ್ಪು ಕಮ್ಮಿ ತಿನ್ನಬೇಕಂತೆ" ಅಂದೆ. ಅಮ್ಮ ಡಾಕ್ಟರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಮುಖ ಓದಿಯೇ ಇಷ್ಟು ವರ್ಷ ಬದುಕಿದವಳು. ತೋಳು ಬಿಟ್ಟಳು.

ಮನೆಗೆ ಬಂದು ಅಕ್ಕನಿಗೆ ಮೆಸೇಜ್. ಫೋನ್ ಮಾಡಿ ಪ್ರಯೋಜನವಿಲ್ಲ, ಭಾವನಿಗೂ ಕಿವಿ ಕೇಳುವುದಿಲ್ಲ. ಉದ್ದಕ್ಕೆ ಬರೆದೆ. ಅಮ್ಮನಿಗೆ ಹೀಗಾಗಿದೆ, ನಿನ್ನನ್ನು ಕೇಳುತ್ತಾಳೆ, ಹೊರಟು ಬಾ.

ಉತ್ತರ ಸಂಜೆಯೊಳಗೆ ಬಂತು. "ಕಿವಿ, ನಿನ್ನ ಮಾತು ಬೇಡ. ನೀನು ಎಲ್ಲದಕ್ಕೂ ಸಕ್ಕರೆ ಹಾಕ್ತೀಯ. ಅಮ್ಮನ ಕೈ ನೋಡಬೇಕು."

ಕೋಪ ನೆತ್ತಿಗೇರಿತು. ಆಮೇಲೆ ಇಳಿಯಿತು. ನಿಜ ತಾನೆ. ಉಪ್ಪು ಕಮ್ಮಿ ಅಂದವಳು ಯಾರು ಇವತ್ತು?

ಜೂನ್ 5, ಗುರುವಾರ

ವೆಬ್‌ಕ್ಯಾಮ್ ನೋಡಿದ್ದಾಯಿತು. ನಮ್ಮ ಇಂಟರ್ನೆಟ್ಟಿನಲ್ಲಿ ಕೈ ಎತ್ತಿದ್ದು ಕಾಣುತ್ತದೆ, ಇಳಿಸಿದ್ದು ಕಾಣುತ್ತದೆ, ನಡುವಿನದು ಇಲ್ಲ. ಕೈಮಾತಿನಲ್ಲಿ ಇರುವುದೇ ನಡುವಿನದು. ಆದ್ದರಿಂದ ಡಿಸ್ಕು. ಅವಳ ಮನೆಯಲ್ಲಿ ದೊಡ್ಡ ಟೀವಿ ಇದೆ, ಪ್ಲೇಯರ್ ಇದೆ. ಅಲ್ಲಿಯ ಲೆಕ್ಕದ್ದು.

ಅಮ್ಮನಿಗೆ ಹೇಳಿದೆ. ಎದ್ದು ಕೂತಳು! ತಲೆ ಬಾಚಿಸಿಕೊಂಡಳು, ಹಸಿರು ಸೀರೆಯೇ ಬೇಕೆಂದಳು. ಕಿಟಕಿಯ ಪಕ್ಕ ಕುರ್ಚಿ ಹಾಕಿದೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ.

ಅಮ್ಮ ಸ್ಕೂಲಿಗೆ ಹೋದವಳಲ್ಲ. ಅವಳ ಕೈಮಾತು ಈ ಮನೆಯಲ್ಲೇ ಹುಟ್ಟಿದ್ದು, ಮನೆಯ ಹೊರಗೆ ಯಾರಿಗೂ ಬರುವುದಿಲ್ಲ. ಅದಕ್ಕೆ ವ್ಯಾಕರಣ ಅಂತ ಇರುವುದು ಒಂದೇ ಒಂದು — ಯಾವ ಮಾತನ್ನಾದರೂ ನಡುಗಿಸಿದರೆ ಅದು 'ಇಲ್ಲ' ಆಗುತ್ತದೆ. ಊಟ ಅಂತ ಕೈ ಮಾಡಿದರೆ ಊಟ. ಅದನ್ನೇ ನಡುಗಿಸಿದರೆ ಊಟ ಬೇಡ. ಕೈ ಮುಂದೆ ಚಾಚಿ ಎದೆಗೆ ಒಂದೇ ಸಲ ಎಳೆದುಕೊಂಡರೆ 'ಬಾ'. ಅದೇ ಎಳೆತ ನಡುಗುತ್ತ ಬಂದರೆ 'ಬರಬೇಡ'.

ಅಕ್ಕ ಮನೆ ಬಿಟ್ಟ ದಿನ ಅಮ್ಮ ಬಾಗಿಲಲ್ಲಿ ನಿಂತು ಹೇಳಿದ್ದು ಅದನ್ನೇ. ಭಾವನಿಗೂ ಕಿವಿ ಕೇಳುವುದಿಲ್ಲ ಅನ್ನುವುದೇ ಜಗಳ. "ಇಬ್ರಿಗೂ ಕೇಳದಿದ್ರೆ ಮಗು ಅತ್ತಾಗ ಯಾರು ಏಳ್ತಾರೆ?" — ಅಮ್ಮನ ಪ್ರಶ್ನೆ. ಅಕ್ಕ ಸೂಟ್‌ಕೇಸ್ ಎತ್ತಿಕೊಂಡು ಹೊರಟೇಬಿಟ್ಟಳು. ಅಮ್ಮನ ಕೈ ಭುಜದಿಂದ ಬೆರಳಿನವರೆಗೂ ನಡುಗಿತು. ಅವತ್ತು ನಾನು ಮಧ್ಯೆ ಹೋಗಿ "ಕೋಪದಲ್ಲಿ ಹೇಳ್ತಿದಾಳೆ, ಬಾ ಅಂತಲೇ ಅರ್ಥ" ಅಂದಿದ್ದೆ. ಸಕ್ಕರೆ ಅನ್ನುವ ಮಾತು ಶುರುವಾದದ್ದು ಅಲ್ಲಿಂದ.

ಇವತ್ತು ಅಮ್ಮ ಕ್ಯಾಮೆರಾ ನೋಡಿಕೊಂಡು ನಿಧಾನಕ್ಕೆ ಹೇಳಿದಳು. ಗಲ್ಲ ಮುಟ್ಟಿ: ನಿನ್ನ ನೆನಪಿದೆ. ಈ ಮನೆ ನಿನ್ನದು. ಬಾ.

ಕೈ ಬಂಡೆ ಹಾಗೆ ಗಟ್ಟಿಯಾಗಿತ್ತು. ಹೇಳಿ ಮುಗಿಸಿ ಕೈ ಮಡಿಸಿ ಕೂತುಬಿಟ್ಟಳು, ಫೋಟೋ ತೆಗೆಸಿಕೊಳ್ಳುವವಳ ಹಾಗೆ. ನಾನು ಕ್ಯಾಮೆರಾ ನಿಲ್ಲಿಸುವುದು ಮರೆತೆ, ಅಳುತ್ತಿದ್ದೆ. ಪಕ್ಕದ ಟೈಲರ್ ಅಂಗಡಿಯ ಬೆಕ್ಕು ಕಿಟಕಿ ಕಟ್ಟೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದುಕೊಂಡು ಹೋಯಿತು. ಅದೂ ಬಂದಿದೆ ಚಿತ್ರದಲ್ಲಿ. ಬರಲಿ ಬಿಡು ಅಂದುಕೊಂಡೆ.

ಜೂನ್ 6, ಶುಕ್ರವಾರ

ಮೇಷ್ಟ್ರ ಮದುವೆ, ಅಮ್ಮನ ಮಾತು — ಎರಡನ್ನೂ ಒಟ್ಟಿಗೇ ಹೊಸ ಸಾಫ್ಟ್‌ವೇರಿಗೆ ಹಾಕಿದೆ. ಏನೇನೋ ಕೇಳಿತು. ಗೆರೆ ಎಷ್ಟು, ಮೇಲಿನದು ಮೊದಲೋ ಕೆಳಗಿನದು ಮೊದಲೋ, ದನಿ ಎಷ್ಟು. ಅಮ್ಮನ ಡಿಸ್ಕಿಗೆ ದನಿ ಯಾವ ಕರ್ಮಕ್ಕೆ? ಟಕಟಕ ಒತ್ತಿದೆ.

ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಕನ್ನಡಿ ಹಾಗಿದೆ. ನನ್ನ ಅಂಗಡಿಯ ಟೀವಿ ಅಲ್ಲಿಯ ಲೆಕ್ಕದ ಡಿಸ್ಕನ್ನು ತೋರಿಸುವುದಿಲ್ಲ, ಬರೀ ಗೆರೆ ಉರುಳಿಸುತ್ತದೆ. ಯಾವತ್ತೂ ಕಂಪ್ಯೂಟರಿನಲ್ಲೇ ನೋಡಿ ಕಳಿಸುವುದು.

ಕೊರಿಯರಿನವನು ಕವರ್ ತಿರುಗಿಸಿ ತಿರುಗಿಸಿ ನೋಡಿದ. "ಏನಿದೆ ಮೇಡಂ ಒಳಗೆ?" "ನಮ್ಮಮ್ಮ" ಅಂದೆ. ಹುಚ್ಚಿ ಅಂದುಕೊಂಡಿರಬೇಕು.

ಜೂನ್ 10, ಮಂಗಳವಾರ

ಅಮ್ಮ ದಿನಾ ಗಲ್ಲ ಮುಟ್ಟುತ್ತಾಳೆ. ನಾನು ದಿನಾ ವಿಮಾನ ತೋರಿಸುತ್ತೇನೆ — ಡಿಸ್ಕು ವಿಮಾನದಲ್ಲಿದೆ. ಕಾಲು ಊದಿದೆ. ಊಟ ಸೇರುತ್ತಿಲ್ಲ. ಕೆಲಸ ಮಾಡಲು ಮನಸ್ಸಿಲ್ಲ.

ಜೂನ್ 13, ಶುಕ್ರವಾರ

ಮೆಸೇಜ್ ಬಂತು.

"ನೋಡಿದೆ. ಮೂರು ಮಾತು ನೋಡಿ ಆಫ್ ಮಾಡಿದೆ. ಸಾಕು. ಬರಲ್ಲ. ಇನ್ನು ಏನೂ ಕಳಿಸಬೇಡ."

ಎಷ್ಟು ಸಲ ಓದಿದೆನೋ. ಅಕ್ಷರ ತಪ್ಪಾಗಿರಬೇಕು ಅಂದುಕೊಂಡೆ. ಬರಲ್ಲ — ಬರ್ತೀನಿ — ಇಲ್ಲ, ಬರಲ್ಲ ಅಂತಲೇ ಇದೆ.

ಜೂನ್ 14, ಶನಿವಾರ

ಕಲ್ಲು. ಕಲ್ಲು ಅವಳು. ನಿನ್ನ ನೆನಪಿದೆ ಅಂದಳು ಅಮ್ಮ, ಈ ಮನೆ ನಿನ್ನದು ಅಂದಳು. ಈ ಮನೆಯನ್ನು ನೋಡಿಕೊಂಡಿದ್ದು ನಾನು, ಅಮ್ಮನ ಕಾಲು ಒತ್ತುತ್ತಿರುವುದು ನಾನು, ಆದರೂ ಮನೆ ಅವಳದಂತೆ — ಆಗಲಿ, ಅದಕ್ಕೂ ನಾನು ತುಟಿ ಪಿಟಕ್ ಅನ್ನಲಿಲ್ಲ. ಇಷ್ಟಾದರೂ 'ಸಾಕು' ಅಂತೆ! 'ಏನೂ ಕಳಿಸಬೇಡ' ಅಂತೆ! ಯಾವ ಬಾಯಲ್ಲಿ ಬಂತು ಆ ಮಾತು? ಬಾಯಲ್ಲಲ್ಲ, ಬೆರಳಲ್ಲಿ. ಆ ಬೆರಳು ಸೇದಿಹೋಗಲಿ.

ಛೆ. ಏನು ಬರೆಯುತ್ತಿದ್ದೇನೆ.

ಅಮ್ಮ ಗಲ್ಲ ಮುಟ್ಟಿದಳು. "ಟಿಕೆಟ್ ಸಿಗ್ತಾ ಇಲ್ಲವಂತೆ" ಅಂದೆ. ತಲೆ ಆಡಿಸಿದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಕಣ್ಣು ಮುಚ್ಚಿದವಳ ಹತ್ತಿರ ನಮ್ಮ ಮನೆಯಲ್ಲಿ ಯಾರಿಗೂ ಮಾತಾಡಲು ಆಗುವುದಿಲ್ಲ.

ಜೂನ್ 17, ಮಂಗಳವಾರ, ಬೆಳಗ್ಗೆ

ಮೇಷ್ಟ್ರು ಇವತ್ತು ಮೊಣಕೈ ಊರಲಿಲ್ಲ. ನಿಂತಲ್ಲೇ ಕುದಿಯುತ್ತಿದ್ದರು.

"ಏನಮ್ಮಾ, ನನ್ನ ಮಾನ ಹರಾಜು ಹಾಕಿಬಿಟ್ಟೆಯಲ್ಲ!"

"ಯಾಕೆ ಸಾರ್? ಓಡಲಿಲ್ವಾ?"

"ಓಡ್ತು. ಓಡಿದ್ದೇ ತಪ್ಪಾಯ್ತು. ಉಂಗುರ ತೊಡಿಸುವಾಗ ನಮ್ಮ ಅಳಿಯನ ಕೈ ಗಡಗಡ ಅಂತ ನಡುಗ್ತಿದೆಯಂತೆ. ಆಫೀಸಿನವರೆಲ್ಲ ಸೇರಿ, ಮದುವೆ ದಿನಾನೂ ಕುಡಿದಿದ್ದೆಯೇನಯ್ಯಾ ಅಂತ ಆಡ್ಕೊಂಡು ನಕ್ಕಿದ್ದಾರೆ! ಅವನೊಬ್ಬನೇ ಅಲ್ಲ. ನನ್ನ ಮಗಳೂ ನಡುಗ್ತಾಳೆ, ನಾನೂ ನಡುಗ್ತೀನಿ, ಬೀಗರೂ ನಡುಗ್ತಾರೆ. ಹಾಲ್ ತುಂಬ ಚಳಿಜ್ವರ!"

ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ನಕ್ಕೆ. ಮೇಷ್ಟ್ರಿಗೆ ಇನ್ನೂ ಕೋಪ ಬಂತು. "ನಗ್ತೀಯಾ? ಕೈ ನಡುಗೋದು ನಗೋ ವಿಷಯನಾ?"

ಕೈ ನಡುಗುವುದು.

ನಗು ನಿಂತಿತು. ಅಮ್ಮನ ಡಿಸ್ಕಿನ ಒಂದು ನಕಲು ಡ್ರಾಯರಿನಲ್ಲಿತ್ತು, ತೆಗೆದುಕೊಂಡೆ.

ಅದೇ ದಿನ, ಮಧ್ಯಾಹ್ನ

ಅಂಗಡಿಗೆ ಬೀಗ ಹಾಕಲಿಲ್ಲ, ಮೇಷ್ಟ್ರನ್ನೇ ಕೂರಿಸಿ ಓಡಿದೆ. ಸಂದಿಯ ತುದಿಯಲ್ಲಿ ಟೀವಿ ರಿಪೇರಿಯವನು — ಸದಾ ಬೆಸುಗೆ ಹಾಕುವುದರಿಂದ ಎಲ್ಲರೂ ಸೋಲ್ಡರ್ ಅಂತಲೇ ಕರೆಯುತ್ತಾರೆ. ಪರದೇಶದಿಂದ ವಾಪಸ್ ಬಂದವರು ಯಾರೋ ಬಿಟ್ಟುಹೋದ ಒಂದು ಸೆಟ್ ಅವನ ಹತ್ತಿರ ಇದೆ, ಅಲ್ಲಿಯ ಲೆಕ್ಕವನ್ನೂ ತೋರಿಸುತ್ತದೆ.

"ಇದನ್ನ ಹಾಕು. ಈಗಲೇ."

"ಏನಕ್ಕಾ, ಮನೆಗೆ ಬೆಂಕಿ ಬಿದ್ದಂಗೆ ಬಂದಿದ್ದೀಯ?"

ಹಾಕಿದ. ಅಮ್ಮ ಬಂದಳು. ಹಸಿರು ಸೀರೆ, ಕಿಟಕಿ, ಬೆಳಕು — ಎಲ್ಲ ಚೆನ್ನಾಗಿದೆ. ಅಮ್ಮ ಕೈ ಎತ್ತಿದಳು.

ನಡುಗಿತು. ಅಯ್ಯೋ, ನಡುಗಿತು ಆ ಕೈ. ಗಲ್ಲಕ್ಕೆ ಹೋಗುವಾಗಲೂ, ಹಣೆಗೆ ಹೋಗುವಾಗಲೂ, ಎದೆಗೆ ಬರುವಾಗಲೂ. ಎಳ್ಳಷ್ಟೂ ಅನುಮಾನ ಬೇಡ, ಹಾಗೆ. ನಿನ್ನ ನೆನಪಿಲ್ಲ. ಈ ಮನೆ ನಿನ್ನದಲ್ಲ. ಬರಬೇಡ.

ಹೀಗಂತ ಹೇಳಿದಳು ಅಮ್ಮ ಅಕ್ಕನಿಗೆ. ದೊಡ್ಡ ಟೀವಿಯಲ್ಲಿ. ನಾನೇ ಹೇಳಿಸಿದೆ.

ನೆಲದ ಮೇಲೆ ಕೂತುಬಿಟ್ಟೆ. ಸೋಲ್ಡರ್ ನೀರು ಕೊಟ್ಟ.

ಬರೆದಿಡುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ. ಟೀವಿ ಒಂದು ಚಿತ್ರವನ್ನು ಒಂದೇ ಸಲ ತೋರಿಸುವುದಿಲ್ಲ. ಗೆರೆ ಬಿಟ್ಟು ಗೆರೆ, ಅರ್ಧರ್ಧವಾಗಿ ತೋರಿಸುತ್ತದೆ. ಯಾವ ಅರ್ಧ ಮೊದಲು ಅಂತ ನಾವು ಹೇಳಬೇಕು. ಮೇಲಿನದೋ ಕೆಳಗಿನದೋ ಅಂತ ಆ ದರಿದ್ರ ಸಾಫ್ಟ್‌ವೇರ್ ಕೇಳಿದ್ದು ಅದನ್ನೇ. ನಾನು ಟಕಟಕ ಒತ್ತಿದೆ, ತಿರುಗಾಮುರುಗಾ ಒತ್ತಿದೆ. ಆಮೇಲಿನದು ಮೊದಲು ಬರುತ್ತದೆ, ಮೊದಲಿನದು ಆಮೇಲೆ. ಕೈ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತದೆ. ನಿಂತದ್ದು ನಿಂತಂತೇ ಇರುತ್ತದೆ, ಚಲಿಸಿದ್ದೆಲ್ಲ ನಡುಗುತ್ತದೆ. ಕಂಪ್ಯೂಟರ್ ಎರಡೂ ಅರ್ಧ ಸೇರಿಸಿ ತೋರಿಸಿದ್ದರಿಂದ ನನಗೆ ಗೊತ್ತಾಗಲಿಲ್ಲ.

ಬೇರೆ ಯಾರ ಮನೆಯಲ್ಲಾದರೂ ಅಳಿಯ ಕುಡಿದಿದ್ದ ಅಂತ ನಕ್ಕು ಬಿಡುತ್ತಾರೆ. ನಮ್ಮ ಮನೆಯಲ್ಲಿ ನಡುಕ ಅಂದರೆ ಇಲ್ಲ ಅಂತ.

ಜೂನ್ 18, ಬುಧವಾರ

ಅಕ್ಕನಿಗೆ ಮೆಸೇಜ್ ಮೇಲೆ ಮೆಸೇಜ್. ಅಮ್ಮನ ಕೈ ನಡುಗಲಿಲ್ಲ, ಮೆಷಿನ್ ನಡುಗಿಸಿತು. ಗೆರೆಯ ತಪ್ಪು. ನನ್ನ ತಪ್ಪು. ಅಮ್ಮ ಬಾ ಅಂದಿದ್ದು. ದೇವರಾಣೆ ಬಾ ಅಂದಿದ್ದು.

ಉತ್ತರ: "ಸಕ್ಕರೆ."

ಅಷ್ಟೇ. ಒಂದು ಪದ.

ಡಿಸ್ಕು ಸರಿಮಾಡಿ ಮತ್ತೆ ಬರೆದೆ, ಕೊರಿಯರಿಗೆ ಕೊಟ್ಟೆ. ಅದು ತಲುಪಲು ಮತ್ತೆ ಒಂದು ವಾರ. ತಲುಪಿದರೂ ಕವರ್ ಒಡೆಯುತ್ತಾಳೆ ಅನ್ನುವ ನಂಬಿಕೆ ಇಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಒಡೆಯುತ್ತಿರಲಿಲ್ಲ. ಗೆರೆಯಂತೆ, ಅರ್ಧವಂತೆ — ಎಷ್ಟು ದೊಡ್ಡ ಸುಳ್ಳು ಅನ್ನಿಸುವುದಿಲ್ಲವೇ?

ಜೂನ್ 19, ಗುರುವಾರ, ಆಸ್ಪತ್ರೆ

ಬೆಳಗ್ಗೆ ಅಮ್ಮ ಏಳಲಿಲ್ಲ. ಟೈಲರ್ ಮಾವ ಆಟೋ ತಂದರು, ಇಬ್ಬರೂ ಸೇರಿ ಎತ್ತಿದೆವು. ಹೂವಿನ ಹಾಗೆ ಹಗುರ, ಹೊಟ್ಟೆ ಮಾತ್ರ ಭಾರ.

ವಾರ್ಡಿನಲ್ಲಿ ಕಣ್ಣು ಬಿಟ್ಟಳು. ದೇವರೇ ಅಂದುಕೊಂಡೆ. ಸೀದಾ ಮನೆಗೆ ಹೋಗಿ ಕ್ಯಾಮೆರಾ ತಂದೆ. ಇವತ್ತೇ ಹೊಸದಾಗಿ ಹೇಳಿಸೋಣ, ಇವತ್ತಿನ ಪೇಪರ್ ಕೈಯಲ್ಲಿ ಹಿಡಿಸಿ ಹೇಳಿಸೋಣ, ಆಗಲಾದರೂ ನಂಬುತ್ತಾಳೆ. ಅಮ್ಮ ಕೈ ಎತ್ತಿದಳು.

ಕೈ ಬಡಿಯುತ್ತಿದೆ. ಮಣಿಕಟ್ಟಿನಿಂದ, ಪಟಪಟ ಅಂತ. ಇದು ಮೆಷಿನ್ನಿನದಲ್ಲ.

"ಲಿವರ್ ಈ ಮಟ್ಟಕ್ಕೆ ಹೋದ್ರೆ ಕೈ ಹೀಗೇ ಬಡ್ಕೊಳ್ಳುತ್ತೆ" ಅಂದರು ಡಾಕ್ಟರು. "ಅವರ ಹಿಡಿತದಲ್ಲಿಲ್ಲ ಅದು."

ಅಮ್ಮ ಕೈಯಲ್ಲಿ ತೊದಲುತ್ತಿದ್ದಾಳೆ. ಯಾರಿಗೂ ಗೊತ್ತಿಲ್ಲ, ನನಗೊಬ್ಬಳಿಗೇ ಗೊತ್ತು.

ಕ್ಯಾಮೆರಾ ಚೀಲಕ್ಕೆ ಹಾಕಿದೆ. ಇನ್ನು ಅಮ್ಮ ಯಾವ 'ಬಾ' ಹೇಳಿದರೂ ಅದು 'ಬರಬೇಡ'ವೇ.

ಅದೇ ದಿನ, ಸಂಜೆ

ನರ್ಸಮ್ಮನಿಗೆ ಬೆಳಗ್ಗೆ ನಾನೇ ಪಾಠ ಮಾಡಿದ್ದೆ. ಹೆಬ್ಬೆರಳು ಬಾಯಿಗೆ ತಂದರೆ ನೀರು, ನಡುಗಿಸಿದರೆ ಬೇಡ ಅಂತ. ಪಾಪ, ಒಳ್ಳೆಯವಳು, ಚೆನ್ನಾಗಿ ಕಲಿತುಕೊಂಡಿದ್ದಾಳೆ. ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ವಾಪಸ್ ಬಂದಾಗ ಅಮ್ಮನ ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಕೊಡೋಕೆ ಹೋದೆ ಮೇಡಂ. ಎರಡು ಮೂರು ಸಲ ಹೋದೆ. ಬೇಡ ಬೇಡ ಅಂದ್ರು."

ನೀರು ಕುಡಿಸಿದೆ. ಗಟಗಟ ಕುಡಿದಳು. ಕುಡಿದು ತನ್ನ ಕೈಯನ್ನೇ ನೋಡಿಕೊಂಡಳು. ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದು ಗಲ್ಲ ಮುಟ್ಟಲು ನೋಡಿದಳು. ಆಗಲಿಲ್ಲ. ಕೈಯನ್ನು ಹೊದಿಕೆಯ ಒಳಗೆ ಬಚ್ಚಿಟ್ಟುಕೊಂಡಳು, ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ.

ಸಾಯಬೇಕು ಅನ್ನಿಸಿತು ನನಗೆ. ಬರೆದದ್ದು ಇರಲಿ, ಹೊಡೆದುಹಾಕುವುದಿಲ್ಲ.

ಜೂನ್ 20, ಶುಕ್ರವಾರ

ಮನೆಗೆ ಸ್ನಾನಕ್ಕೆ ಬಂದವಳು ಸೋಲ್ಡರ್ ಅಂಗಡಿಗೆ ಹೋದೆ. ಯಾಕೆ ಹೋದೆ ಗೊತ್ತಿಲ್ಲ. ಸರಿಮಾಡಿದ ಡಿಸ್ಕಿನ ನಕಲು ಹಾಕಿಸಿ ಅಮ್ಮನ ಗಟ್ಟಿ ಕೈ ನೋಡಬೇಕಿತ್ತು, ಅಷ್ಟೇ. ಹಾಕಿದ. ಬಾ ಅಂದಳು ಅಮ್ಮ. ನನ್ನನ್ನೇ ಕರೆದ ಹಾಗಿತ್ತು.

"ಹಳೇದೂ ಇಲ್ಲೇ ಬಿಟ್ಟು ಹೋಗಿದ್ದೆಯಲ್ಲಕ್ಕ, ತಗೊಂಡು ಹೋಗು" ಅಂದ. ಆ ತಪ್ಪು ಡಿಸ್ಕು. ಮುರಿದು ಹಾಕು ಅಂದೆ. ಅವನು ಮುರಿಯಲಿಲ್ಲ. ವ್ಯತ್ಯಾಸ ಏನು ನೋಡೋಣ ಅಂತ ಹಾಕಿದ. ನಾನು ಮುಖ ತಿರುಗಿಸಿಕೊಂಡು ಚಪ್ಪಲಿ ಹುಡುಕುತ್ತಿದ್ದೆ. ಡಿಸ್ಕು ಓಡುತ್ತಲೇ ಇತ್ತು.

"ಏನಕ್ಕಾ ಇದು, ಟೈಲರ್ ಬೆಕ್ಕಿಗೂ ಚಳಿಜ್ವರನಾ?"

ತಿರುಗಿದೆ. ಕಿಟಕಿ ಕಟ್ಟೆಯ ಮೇಲೆ ಬೆಕ್ಕು ನಡೆಯುತ್ತಿತ್ತು. ತಲೆ, ಬಾಲ, ನಾಲ್ಕು ಕಾಲು, ಎಲ್ಲ ಗಡಗಡ ನಡುಗುತ್ತ.

ಬೆಕ್ಕು. ಬೆಕ್ಕಿಗೆ ನಮ್ಮ ಮನೆಯ ಕೈಮಾತು ಬರುವುದಿಲ್ಲ. ಬೆಕ್ಕು ಯಾರಿಗೂ 'ಬರಬೇಡ' ಅನ್ನುವುದಿಲ್ಲ.

ಅಕ್ಕ ಮೂರು ಮಾತು ನೋಡಿ ಆಫ್ ಮಾಡಿದ್ದಾಳೆ. ಬೆಕ್ಕು ಬರುವುದು ಆಮೇಲೆ!

ಸೋಲ್ಡರ್ ಕೆನ್ನೆ ಹಿಡಿದು ಅಲ್ಲಾಡಿಸಿದೆ. ಬೆದರಿದ ಪಾಪ. ಅಲ್ಲೇ ಅಂಗಡಿ ಮೆಟ್ಟಿಲ ಮೇಲೆ ಕೂತು ಮೆಸೇಜ್ ಬರೆದೆ. ಸಕ್ಕರೆ ಇಲ್ಲ, ಉಪ್ಪಿಲ್ಲ.

"ಡಿಸ್ಕು ಬಿಸಾಡಿಲ್ಲದಿದ್ದರೆ ಇನ್ನೊಂದು ಸಲ ಹಾಕು. ಅಮ್ಮನ ಕೈ ನೋಡಬೇಡ. ಬೆಕ್ಕು ಬರುವವರೆಗೆ ನೋಡು. ಆಮೇಲೆ ನಿನ್ನಿಷ್ಟ."

ಜೂನ್ 21, ಶನಿವಾರ, ಬೆಳಗ್ಗೆ

ಉತ್ತರ ಇಲ್ಲ. ಬಿಸಾಡಿರಬೇಕು. ಬಿಸಾಡದೆ ಏನು, ಕಣ್ಣಿಗೆ ಒತ್ತಿಕೊಳ್ಳುತ್ತಾಳಾ ಅದನ್ನ.

ಅಮ್ಮ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಾಳೆ. ಎಚ್ಚರ ಆದಾಗ ನನ್ನ ಕಿವಿ ಮುಟ್ಟುತ್ತಾಳೆ. ನನ್ನ ಹೆಸರು. ಅದೂ ನಡುಗುತ್ತದೆ. ಕಿವಿ ಅಲ್ಲ, ಕಿವಿ ಇಲ್ಲ... ಇದ್ದೀನಮ್ಮ ಅನ್ನುತ್ತೇನೆ ಜೋರಾಗಿ, ಬಾಯಲ್ಲೇ. ಪಕ್ಕದ ಮಂಚದವರು ತಿರುಗಿ ನೋಡುತ್ತಾರೆ.

ಅದೇ ದಿನ, ಮಧ್ಯಾಹ್ನ

"ಬೆಕ್ಕು ನಡುಗುತ್ತೆ."

ಇಷ್ಟೇ ಬಂತು ಮೊದಲು. ಕಾರಿಡಾರಿನ ಬೆಂಚು ಹಿಡಿದು ನಿಂತೆ. ಫೋನ್ ಮತ್ತೆ ಅಲುಗಿತು.

"ಕಿಟಕಿ ಪರದೆ ನಡುಗುತ್ತೆ. ಅಮ್ಮನ ರೆಪ್ಪೆ ನಡುಗುತ್ತೆ. ಎಲ್ಲ ನಡುಗುತ್ತೆ. ಪೂರ್ತಿ ನೋಡಿದೆ. ಹೊರಟೆ. ಅಮ್ಮನಿಗೆ ಇರು ಅಂತ ಹೇಳು."

ಹೇಳಿದೆ. ನಿದ್ದೆಯಲ್ಲಿದ್ದವಳ ಗಲ್ಲ ಮುಟ್ಟಿ, ಅವಳದೇ ಎದೆಯ ಮೇಲೆ ಕೈ ಇಟ್ಟು ಹೇಳಿದೆ. ಬರ್ತಾಳೆ. ಇರು. ಬರ್ತಾಳೆ. ಇರು.

ಜೂನ್ 22, ಭಾನುವಾರ

ಇದ್ದಾಳೆ.

ಡಾಕ್ಟರು ನಾಡಿ ನೋಡಿ ಹೋದರು. ಮೇಷ್ಟ್ರು ಬಂದಿದ್ದರು, ಬ್ರೆಡ್ಡು ತಂದಿದ್ದರು. "ಮದುವೆ ಡಿಸ್ಕು ನಿಧಾನಕ್ಕೆ ಸರಿಮಾಡಮ್ಮ, ಅವಸರ ಇಲ್ಲ. ಅಳಿಯ ಕುಡಿಯೋದು ನಿಜಾನೇ ಅಂತ ಈಗ ಗೊತ್ತಾಯ್ತು" ಅಂದರು. ನಗಿಸಲು ಹೇಳಿದರೋ, ನಿಜವೋ. ನಕ್ಕೆ. ಆಮೇಲೆ ಅತ್ತುಬಿಟ್ಟೆ.

ಜೂನ್ 23, ಸೋಮವಾರ, ಕಾರಿಡಾರಿನ ಬೆಂಚು

ಬಂದಳು.

ಕೂದಲು ಗಿಡ್ಡ ಮಾಡಿಸಿದ್ದಾಳೆ. ದಪ್ಪಗಾಗಿದ್ದಾಳೆ. ಮಚ್ಚೆ ಅಲ್ಲೇ ಇದೆ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಬಂದಿದ್ದಳು, ಏದುಸ್ಸಿರು. ನನ್ನ ಕಿವಿ ಹಿಡಿದು ಎಳೆದಳು ಗಟ್ಟಿಯಾಗಿ. ಅದೇ ಅವಳ ನಮಸ್ಕಾರ, ಮೊದಲಿಂದಲೂ. ನೋವಾಯಿತು. ಆಗಲಿ.

ವಾರ್ಡಿನ ಬಾಗಿಲಲ್ಲಿ ನಿಂತಳು. ಅಮ್ಮನಿಗೆ ಎಚ್ಚರವಿತ್ತು, ನೋಡಿದಳು. ಬಲಗೈ ಒತ್ತಿ ಹಿಡಿದುಕೊಳ್ಳಲು ಎಡಗೈ ಎತ್ತಲು ಹೋದಳು, ಅದಕ್ಕೆ ಡ್ರಿಪ್ ಹಾಕಿ ಕಟ್ಟಿದ್ದರು. ಬಲಗೈ ಒಂದನ್ನೇ ಎತ್ತಿ ಮುಂದೆ ಚಾಚಿದಳು. ಎದೆಗೆ ಎಳೆದುಕೊಂಡಳು.

ನಡುಗಿತು. ಶುರುವಿನಿಂದ ಕೊನೆಯವರೆಗೂ ನಡುಗಿತು.

ಬರಬೇಡ. ಅವತ್ತೂ ಬಾಗಿಲು, ಇವತ್ತೂ ಬಾಗಿಲು. ಅಕ್ಕ ನಿಂತಲ್ಲೇ ನಿಂತಳು.

ಈ ಕಾಯಿಲೆಯ ನಡುಕದ ವಿಷಯ ಅವಳಿಗೆ ಬರೆದಿರಲಿಲ್ಲ. ಬರೆದರೆ ಮತ್ತೆ ಸಕ್ಕರೆ ಅನ್ನುತ್ತಾಳೆ ಅಂತ ಹೆದರಿದ್ದೆ. ಈಗಲೂ ಹೇಳಲು ಕೈ ಮೇಲೆ ಬಂದೇಬಿಟ್ಟಿತ್ತು — ಅಕ್ಕಾ, ಅದು ಲಿವರ್, ಅದು ಅಮ್ಮ ಅಲ್ಲ — ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

ಅಕ್ಕ ನನ್ನ ಕಡೆ ತಿರುಗಿದಳು. ಎರಡು ಬೆರಳು ಕೆನ್ನೆಗೆ ತಂದು ಆಚೀಚೆ ಎಳೆದಳು, ಮೀಸೆ. ಹುಬ್ಬು ಎತ್ತಿದಳು.

ಬೆಕ್ಕಾ?

ತಲೆ ಆಡಿಸಿದೆ. ಹೂಂ. ಬೆಕ್ಕು.

ಓಡಿದಳು. ಅಮ್ಮನ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದು ಹಕ್ಕಿ ಹಾಗೆ ಒಳಗೇ ಬಡಿದುಕೊಳ್ಳುತ್ತಿತ್ತು, ಅವಳು ಬಿಡಲಿಲ್ಲ. ಹಾಗೇ ಹಿಡಿದು, ಅಮ್ಮನ ಎದೆಯವರೆಗೆ ತಾನೇ ತಂದಳು. ಒಂದೇ ಎಳೆತ. ಅಮ್ಮನ ಕಣ್ಣಿನಿಂದ ನೀರು ಕಿವಿಯ ಒಳಗೆ ಹೋಯಿತು. ಅರ್ಥ ಹೇಳಲು ಯಾರೂ ನನ್ನ ಕಡೆ ನೋಡಲಿಲ್ಲ. ಹೊರಗೆ ಬಂದು ಈ ಬೆಂಚಿನ ಮೇಲೆ ಕೂತೆ. ಕೂತು ಬರೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಮೊದಲ ಸಲ ಇವರಿಬ್ಬರ ನಡುವೆ ನನಗೆ ಕೆಲಸ ಇಲ್ಲ. ಹಗುರ ಅನ್ನಿಸಬೇಕಿತ್ತು. ಭಯ ಆಗುತ್ತಿದೆ.

ನರ್ಸಮ್ಮ ಓಡಿ ಒಳಗೆ ಹೋದಳು. ಹಿಂದೆಯೇ ಡಾಕ್ಟರು.

ಅಕ್ಕ ಬಾಗಿಲಿಗೆ ಬಂದಿದ್ದಾಳೆ. ನನ್ನ ಕಡೆ ಕೈ ಚಾಚಿ ಎದೆಗೆ ಎಳೆದುಕೊಳ್ಳುತ್ತಿದ್ದಾಳೆ. ಅವಳ ಕೈಯೂ ನಡುಗುತ್ತಿದೆ. ಬರಬೇಡ ಅಲ್ಲ ಅದು. ಬೆಕ್ಕು. ಬಾ ಅಂತಲೇ. ಹೋಗ್ತಾ ಇದ್ದೀನಿ.